ಕಂಪ್ಯೂಟರಿನೊಳಗೊಂದು ಕಾಂತ: ಈಸಿಂಗ್ ಮಾದರಿಯನ್ನು ನೀವೇ ನಡೆಸಿ ನೋಡುವ ಬಗೆ

ಕಾಂತಕ್ಕೆ ಅಂಟಿಕೊಳ್ಳುವ ಕಬ್ಬಿಣದ ತುಂಡನ್ನು ಕಾಯಿಸುತ್ತಾ ಹೋದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಅದು ಅಂಟುವುದನ್ನು ಬಿಟ್ಟುಬಿಡುತ್ತದೆ. ಆ ಹೊತ್ತಿಗೆ ಕಬ್ಬಿಣ ಕರಗಿರುವುದಿಲ್ಲ, ಕರಗಲು 1538 ಡಿಗ್ರಿ ಬೇಕು. ಪರಮಾಣುಗಳ ಜೋಡಣೆಯೂ ಬದಲಾಗಿರುವುದಿಲ್ಲ, ಅದು ಬದಲಾಗುವುದು 912 ಡಿಗ್ರಿಯಲ್ಲಿ. ಕಣ್ಣಿಗೆ ಕಾಣುವಂಥದ್ದೇನೂ ಆಗಿಲ್ಲ. ಒಳಗೆ ಮಾತ್ರ, ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದ ಕೋಟಿ ಕೋಟಿ ಪುಟ್ಟ ಕಾಂತಗಳ ಒಗ್ಗಟ್ಟು ಮುರಿದಿದೆ.

ಈ ಒಗ್ಗಟ್ಟು ಮುರಿಯುವ ಕ್ಷಣವನ್ನು ಸಾಧಾರಣ ಲ್ಯಾಪ್‌ಟಾಪಿನಲ್ಲಿ ನೀವೇ ನಡೆಸಿ ನೋಡಬಹುದು. ಅದಕ್ಕೆ ಬೇಕಾದದ್ದು ಯಾವುದಾದರೊಂದು ಪ್ರೋಗ್ರಾಮಿಂಗ್ ಭಾಷೆಯ ಪರಿಚಯ, ಘಾತ ಮತ್ತು ಸಂಭವನೀಯತೆಯ ಪಿಯುಸಿ ಮಟ್ಟದ ತಿಳಿವಳಿಕೆ, ಎರಡು ಮೂರು ವಾರಾಂತ್ಯಗಳ ಬಿಡುವು, ಇಷ್ಟೇ. ಸಾಂದ್ರ ವಸ್ತು ಭೌತವಿಜ್ಞಾನದಲ್ಲಾಗಲಿ ವಸ್ತುವಿಜ್ಞಾನದಲ್ಲಾಗಲಿ ಸಂಶೋಧನೆಗೆ ಇಳಿಯಬೇಕೆಂದಿರುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಕೆಲಸ ನನಗೆ ಗೊತ್ತಿಲ್ಲ. ಪ್ರೋಗ್ರಾಂ ಬರೆಯುವುದು ಒಂದು ಸಂಜೆಯ ಕೆಲಸ. ಅದು ಕೊಟ್ಟ ಸಂಖ್ಯೆಯನ್ನು ನಂಬಬಹುದೇ ಎಂದು ತೀರ್ಮಾನಿಸುವುದೇ ನಿಜವಾದ ಕೆಲಸ. ತಪ್ಪು ಪ್ರೋಗ್ರಾಂ ಕೂಡ ಅಂದವಾದ ವಕ್ರರೇಖೆಯನ್ನೇ ಬರೆಯುತ್ತದೆ. ಹಾಗಾಗಿ ಈ ಬರಹದ ಬಹುಪಾಲು ತಾಳೆ ನೋಡುವುದರ ಬಗ್ಗೆಯೇ ಇದೆ.

ಮಾದರಿ ಏನು?

ಚದುರಂಗದ ಹಾಸಿನಂಥ ಒಂದು ಚೌಕಜಾಲವನ್ನು ಊಹಿಸಿಕೊಳ್ಳಿ. ಪ್ರತಿ ಮನೆಯಲ್ಲೂ ಒಂದು ಸ್ಪಿನ್, ಅಂದರೆ ಒಂದು ಪುಟ್ಟ ಕಾಂತ, ಇದೆ, ಅದರ ಬೆಲೆ +1 ಅಥವಾ −1. ಅಕ್ಕಪಕ್ಕದ ಎರಡು ಮನೆಗಳ ಸ್ಪಿನ್ ಒಂದೇ ಆಗಿದ್ದರೆ ಆ ಜೋಡಿಯ ಶಕ್ತಿ −1, ಬೇರೆಬೇರೆಯಾಗಿದ್ದರೆ +1. ಮಾದರಿ ಎಂದರೆ ಇಷ್ಟೇ. ಶಕ್ತಿಯ ಮಾನವನ್ನೂ ತಾಪಮಾನವನ್ನು ಶಕ್ತಿಯ ಲೆಕ್ಕಕ್ಕೆ ತರುವ ಬೋಲ್ಟ್ಸ್‌ಮನ್ ಸ್ಥಿರಾಂಕವನ್ನೂ 1 ಎಂದು ಇಟ್ಟುಕೊಳ್ಳುವುದರಿಂದ ತಾಪಮಾನ ಇಲ್ಲಿ ಬರಿಯ ಸಂಖ್ಯೆ. ಡಿಗ್ರಿಯ ಗೊಡವೆ ಇಲ್ಲ.

1920ರಲ್ಲಿ ವಿಲ್ಹೆಲ್ಮ್ ಲೆಂಟ್ಸ್ ಈ ಯೋಚನೆಯನ್ನು ಮುಂದಿಟ್ಟರು. ಹ್ಯಾಂಬರ್ಗಿನಲ್ಲಿ ಅವರ ವಿದ್ಯಾರ್ಥಿಯಾಗಿದ್ದ ಅರ್ನ್‌ಸ್ಟ್ ಈಸಿಂಗ್ ಅದನ್ನು ಬಿಡಿಸಿ 1925ರಲ್ಲಿ ಪ್ರಕಟಿಸಿದರು. (ಐಸಿಂಗ್ ಎಂದು ಹಲವರು ಓದುತ್ತಾರೆ, ಜರ್ಮನ್ ಉಚ್ಚಾರ ಈಸಿಂಗ್.) ಅವರು ಬಿಡಿಸಿದ್ದು ಒಂದೇ ಸಾಲಿನ ಸರಪಳಿಯನ್ನು. ಅದರಲ್ಲಿ ಸೊನ್ನೆಗಿಂತ ಮೇಲಿನ ಯಾವ ತಾಪಮಾನದಲ್ಲೂ ಕಾಂತತ್ವ ನಿಲ್ಲುವುದಿಲ್ಲ ಎಂದು ತೋರಿಸಿ, ಮೂರು ಆಯಾಮದಲ್ಲೂ ಹಾಗೆಯೇ ಇರಬೇಕೆಂದು ಭಾವಿಸಿದರು. ಆ ಭಾವನೆ ಸರಿಯಲ್ಲವೆಂದು ತಿಳಿದದ್ದು 1936ರಲ್ಲಿ, ಎರಡು ಆಯಾಮದಲ್ಲಿ ಕಾಂತತ್ವ ಉಳಿಯುತ್ತದೆಂದು ರುಡಾಲ್ಫ್ ಪೈಯರ್ಲ್ಸ್ ವಾದಿಸಿದಾಗ. 1941ರಲ್ಲಿ ಕ್ರಾಮರ್ಸ್ ಮತ್ತು ವಾನಿಯೆ ಪರಿವರ್ತನೆಯ, ಅಂದರೆ ಒಗ್ಗಟ್ಟು ಮುರಿಯುವ, ತಾಪಮಾನವನ್ನೇ ನಿಖರವಾಗಿ ಹಿಡಿದರು. 1944ರಲ್ಲಿ ಲಾರ್ಸ್ ಆನ್ಸಾಗರ್ ಇಡೀ ಲೆಕ್ಕವನ್ನು ಬಿಡಿಸಿದರು. 1 ಮತ್ತು 2ರ ವರ್ಗಮೂಲವನ್ನು ಕೂಡಿಸಿ, ಅದರ ಸ್ವಾಭಾವಿಕ ಲಾಗರಿದಮ್ಮಿನಿಂದ 2ನ್ನು ಭಾಗಿಸಿದರೆ 2.269 ಬರುತ್ತದೆ. ಅದೇ ಆ ತಾಪಮಾನ, ನಾವು ತಲುಪಬೇಕಾದ ಊರು.

ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಮತ್ತೆ ಮಾಡುವುದೇಕೆ ಎಂದು ಕೇಳಬಹುದು. ಉತ್ತರ ಗೊತ್ತಿರುವುದರಿಂದಲೇ ಇದನ್ನು ಆರಿಸಿಕೊಂಡದ್ದು. ನಾಳೆ ನೀವು ಕೈಹಾಕುವ ಮಿಶ್ರಲೋಹದಲ್ಲೋ ಹೊಸ ಕಾಂತವಸ್ತುವಿನಲ್ಲೋ ತಾಳೆ ನೋಡಲು ಯಾರೂ ಉತ್ತರ ಬರೆದಿಟ್ಟಿರುವುದಿಲ್ಲ. ಕೈ ಪಳಗಬೇಕಾದದ್ದು ಇಲ್ಲಿಯೇ.

ಹೆಜ್ಜೆ 1: ಹಾಸು ಹಾಕಿ, ಅಂಚು ಅಳಿಸಿ

16×16ರ ಜಾಲದಿಂದ ಶುರುಮಾಡಿ, ಅಂದರೆ 256 ಮನೆ. ಅಂಚನ್ನು ಹಾಗೆಯೇ ಬಿಟ್ಟರೆ ಇವುಗಳಲ್ಲಿ 60 ಮನೆಗಳು ಅಂಚಿನಲ್ಲಿ ಬೀಳುತ್ತವೆ. ಸುಮಾರು ಕಾಲುಭಾಗದ ಸ್ಪಿನ್‌ಗಳಿಗೆ ನೆರೆಮನೆ ಕಡಿಮೆ! ಇದನ್ನು ತಪ್ಪಿಸಲು ಬಲಗೊನೆಯ ಮನೆಗೆ ಅದೇ ಸಾಲಿನ ಎಡಗೊನೆಯ ಮನೆಯನ್ನೂ, ಕೆಳಸಾಲಿಗೆ ಮೇಲ್ಸಾಲನ್ನೂ ನೆರೆಯಾಗಿಸಿ. ಕೋಡ್‌ನಲ್ಲಿ ಇದು ಒಂದು ಸಾಲಿನ ಕೆಲಸ: ನೆರೆಮನೆಯ ಕ್ರಮಸಂಖ್ಯೆಯನ್ನು 16ರಿಂದ ಭಾಗಿಸಿ ಶೇಷ ತೆಗೆದುಕೊಂಡರೆ ಆಯಿತು. ಜಾಲದ ಅಳತೆಯನ್ನು ಮಾತ್ರ ಒಂದೇ ಕಡೆ ಬರೆದಿಡಿ, ಮುಂದೆ ಅದನ್ನು 2ಕ್ಕೂ 64ಕ್ಕೂ ಬದಲಿಸುವುದಿದೆ.

ಹೆಜ್ಜೆ 2: ಮಗುಚುವ ನಿಯಮ

256 ಸ್ಪಿನ್‌ಗಳು ನಿಲ್ಲಬಹುದಾದ ಬಗೆಗಳು ಎರಡರ 256ನೆಯ ಘಾತದಷ್ಟು. ಎಲ್ಲವನ್ನೂ ಎಣಿಸುವುದು ಯಾವ ಯಂತ್ರದಿಂದಲೂ ಆಗದ ಮಾತು. ಆದ್ದರಿಂದ ಯಾವ ಸ್ಥಿತಿಗೆ ಎಷ್ಟು ತೂಕವಿದೆಯೋ (ಶಕ್ತಿಯನ್ನು ತಾಪಮಾನದಿಂದ ಭಾಗಿಸಿ, ಚಿಹ್ನೆ ತಿರುಗಿಸಿ, ಘಾತೀಯ ಫಲನಕ್ಕೆ ಕೊಟ್ಟರೆ ಬರುವ ಬೆಲೆಯೇ ಆ ತೂಕ) ಅಷ್ಟು ಸಲ ಅಲ್ಲಿಗೆ ಹೋಗಿಬರುವಂತೆ ಅಲೆಯುವ ಉಪಾಯವೊಂದು ಬೇಕು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ನಡೆದ ಆ ಕೆಲಸವನ್ನು 1953ರಲ್ಲಿ ಐವರು ಪ್ರಕಟಿಸಿದರು: ನಿಕೊಲಾಸ್ ಮೆಟ್ರೊಪೊಲಿಸ್, ಅರಿಯಾನಾ ರೋಸೆನ್‌ಬ್ಲೂತ್, ಮಾರ್ಷಲ್ ರೋಸೆನ್‌ಬ್ಲೂತ್, ಆಗಸ್ಟಾ ಟೆಲ್ಲರ್ ಮತ್ತು ಎಡ್ವರ್ಡ್ ಟೆಲ್ಲರ್. ಹೆಸರು ಉಳಿದದ್ದು ಮೆಟ್ರೊಪೊಲಿಸ್ ಒಬ್ಬರದು. ಮೇನಿಯಾಕ್ ಎಂಬ ಆ ಕಾಲದ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದವರು ಅರಿಯಾನಾ. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ನಿಯಮ ಹೀಗಿದೆ. ಯಾವುದಾದರೊಂದು ಮನೆಯನ್ನು ಯಾದೃಚ್ಛಿಕವಾಗಿ ಆರಿಸಿ. ಅದರ ನಾಲ್ಕು ನೆರೆಮನೆಗಳ ಸ್ಪಿನ್‌ಗಳನ್ನು ಕೂಡಿಸಿ, ಆ ಮೊತ್ತವನ್ನು ಈ ಮನೆಯ ಸ್ಪಿನ್‌ನಿಂದ ಗುಣಿಸಿ, ಮತ್ತೆ 2ರಿಂದ ಗುಣಿಸಿ. ಬಂದದ್ದು ಈ ಸ್ಪಿನ್ ಮಗುಚಿದರೆ ತಗಲುವ ಶಕ್ತಿವೆಚ್ಚ. ಅದು ಸೊನ್ನೆಯೋ ಋಣವೋ ಆಗಿದ್ದರೆ ಮಗುಚಿಬಿಡಿ. ಧನವಾಗಿದ್ದರೆ ವೆಚ್ಚವನ್ನು ತಾಪಮಾನದಿಂದ ಭಾಗಿಸಿ, ಋಣಚಿಹ್ನೆ ಹಾಕಿ, ಘಾತೀಯ ಫಲನಕ್ಕೆ ಕೊಡಿ. ಸೊನ್ನೆಯಿಂದ ಒಂದರ ನಡುವೆ ತೆಗೆದ ಯಾದೃಚ್ಛಿಕ ಸಂಖ್ಯೆ ಆ ಬೆಲೆಗಿಂತ ಚಿಕ್ಕದಿದ್ದರೆ ಮಗುಚಿ, ಇಲ್ಲವಾದರೆ ಹಾಗೆಯೇ ಬಿಡಿ.

ಒಂದು ಉದಾಹರಣೆ ನೋಡೋಣ. ತಾಪಮಾನ 2, ನಡುವಿನ ಸ್ಪಿನ್ +1, ಸುತ್ತಲಿನ ನಾಲ್ಕೂ +1. ವೆಚ್ಚ 8, ಮಗುಚುವ ಸಂಭವ 0.0183. ಐವತ್ತೈದು ಸಲ ಕೇಳಿದರೆ ಒಂದು ಸಲ ಒಪ್ಪಿಕೊಂಡೀತು. ನೆರೆಗಳಲ್ಲಿ ಒಂದು −1 ಆಗಿದ್ದರೆ ವೆಚ್ಚ 4, ಸಂಭವ 0.1353. ಒಗ್ಗಟ್ಟಿನಲ್ಲಿ ಒಂದೇ ಒಂದು ಬಿರುಕು ಬಿದ್ದರೆ ಮುಂದಿನ ಬಿರುಕು ಏಳು ಪಟ್ಟು ಸುಲಭವಾಗುತ್ತದೆ. ಪರಿವರ್ತನೆಯ ಬೀಜ ಇಲ್ಲೇ ಇದೆ. ಧನವೆಚ್ಚ 4 ಮತ್ತು 8 ಎರಡೇ ಆದ್ದರಿಂದ ಈ ಬೆಲೆಗಳನ್ನು ಮೊದಲೇ ಲೆಕ್ಕಹಾಕಿ ಇಟ್ಟುಕೊಂಡರೆ ಪ್ರೋಗ್ರಾಂ ಚುರುಕಾಗುತ್ತದೆ.

ಮನೆಗಳ ಸಂಖ್ಯೆಯಷ್ಟು ಸಲ ಈ ಪ್ರಯತ್ನ ನಡೆದರೆ ಅದನ್ನು ಒಂದು ಸುತ್ತು ಎನ್ನೋಣ.

ವೇಗದ ಆಸೆಗೆ ಇಡೀ ಜಾಲವನ್ನು ಒಂದೇ ಏಟಿಗೆ ಮಗುಚಲು ಹೋಗಬೇಡಿ. ಅಕ್ಕಪಕ್ಕದ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಏಕಕಾಲಕ್ಕೆ ಮಗುಚಿದರೆ, ಇಬ್ಬರ ಲೆಕ್ಕವೂ ತಪ್ಪುತ್ತದೆ. ಪ್ರತಿಯೊಬ್ಬರೂ ಇನ್ನೊಬ್ಬರ ಹಳೆಯ ಬೆಲೆಯನ್ನು ನಂಬಿ ನಿರ್ಧರಿಸಿರುತ್ತಾರೆ. ಚದುರಂಗದ ಕಪ್ಪು ಮನೆಗಳನ್ನೆಲ್ಲ ಒಮ್ಮೆ, ಬಿಳಿ ಮನೆಗಳನ್ನೆಲ್ಲ ಇನ್ನೊಮ್ಮೆ ಮಾಡುವುದು ಸರಿ, ಏಕೆಂದರೆ ಕಪ್ಪಿಗೆ ಕಪ್ಪು ಎಂದೂ ನೆರೆಯಲ್ಲ. ಜಾಲದ ಅಳತೆ ಸಮಸಂಖ್ಯೆ ಆಗಿರಬೇಕು ಅಷ್ಟೇ.

ಹೆಜ್ಜೆ 3: ಒರೆಗಲ್ಲಿಗೆ ಹಚ್ಚಿ

ಪ್ರೋಗ್ರಾಂ ಓಡಿತು ಎಂದ ಕೂಡಲೇ ನಕ್ಷೆ ಬರೆಯುವ ಆತುರ ಬೇಡ. ಜಾಲದ ಅಳತೆಯನ್ನು 2 ಮಾಡಿ. ನಾಲ್ಕೇ ಸ್ಪಿನ್, ಹದಿನಾರೇ ಸ್ಥಿತಿ. ಒಂದು ಹಾಳೆ, ಒಂದು ಪೆನ್ನು ಸಾಕು.

ಅಂಚನ್ನು ಸುತ್ತಿ ಜೋಡಿಸಿರುವುದರಿಂದ ಪ್ರತಿ ಮನೆಗೆ ಎಡನೆರೆಯೂ ಬಲನೆರೆಯೂ ಒಂದೇ ಮನೆ, ಪ್ರತಿ ಜೋಡಿಯೂ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಎಲ್ಲವೂ +1 ಅಥವಾ ಎಲ್ಲವೂ −1 ಆಗಿರುವ ಎರಡು ಸ್ಥಿತಿಗಳ ಶಕ್ತಿ −8. ಕರ್ಣದಲ್ಲಿ ಒಂದೇ ಚಿಹ್ನೆ ಇರುವ, ಅಂದರೆ ಕಪ್ಪು ಬಿಳುಪಿನ ಹಾಸಿನಂತೆ ಕಾಣುವ ಎರಡು ಸ್ಥಿತಿಗಳ ಶಕ್ತಿ +8. ಉಳಿದ ಹನ್ನೆರಡರ ಶಕ್ತಿ ಸೊನ್ನೆ. ತಾಪಮಾನ 2 ಇದ್ದಾಗ ಶಕ್ತಿ −8ರ ಸ್ಥಿತಿಯ ತೂಕ 54.598, ಸೊನ್ನೆಯದು 1, +8ರದು 0.0183. ಎಲ್ಲ ತೂಕಗಳನ್ನು ಕೂಡಿಸಿದರೆ 121.233. ಶಕ್ತಿಯನ್ನು ತೂಕದಿಂದ ಗುಣಿಸಿ, ಕೂಡಿಸಿ, ಈ ಮೊತ್ತದಿಂದ ಭಾಗಿಸಿದರೆ −7.203. ಮನೆಯೊಂದಕ್ಕೆ −1.8008. ಕಾಂತತ್ವ ಎಂದರೆ ಎಲ್ಲ ಸ್ಪಿನ್‌ಗಳ ಮೊತ್ತ; ಚಿಹ್ನೆ ಬಿಟ್ಟು ಲೆಕ್ಕ ಹಾಕಿದರೆ ಅದು ಮನೆಯೊಂದಕ್ಕೆ 0.9337.

ನಿಮ್ಮ ಪ್ರೋಗ್ರಾಂ ಈ ಎರಡು ಸಂಖ್ಯೆಗಳನ್ನು ಕೊಡಲೇಬೇಕು. ಹತ್ತು ಲಕ್ಷ ಸುತ್ತು ಓಡಿಸಿ, 2×2ಕ್ಕೆ ಅದು ದೊಡ್ಡ ಹೊತ್ತಲ್ಲ. ಹತ್ತಿರ ಬಂದಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. −1.79 ಬಂದರೆ ಅದು ತಪ್ಪು ಪ್ರೋಗ್ರಾಂ.

ಇಲ್ಲಿ ಸಿಕ್ಕಿಬೀಳುವ ತಪ್ಪುಗಳಲ್ಲಿ ಒಂದನ್ನು ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಮೊದಲ ಪ್ರೋಗ್ರಾಂನಲ್ಲಿ ಇದ್ದದ್ದು ಅದೇ. ಸ್ಪಿನ್ ಮಗುಚಲು ಒಪ್ಪದಿದ್ದಾಗ ಏನೂ ಆಗಲಿಲ್ಲವಲ್ಲ ಎಂದು ನಾನು ಆ ಪ್ರಯತ್ನವನ್ನು ದಾಖಲಿಸುತ್ತಿರಲಿಲ್ಲ. ಮಗುಚಿದಾಗ ಮಾತ್ರ ಶಕ್ತಿಯನ್ನು ಬರೆದುಕೊಳ್ಳುತ್ತಿದ್ದೆ. ತರ್ಕ ಸರಿಯೆಂದೇ ಕಾಣುತ್ತದೆ. ಆದರೆ ಒಂದು ಸ್ಥಿತಿ ಅಲುಗಾಡದೆ ನಿಂತಿದೆ ಎಂದರೆ ಅದಕ್ಕೆ ತೂಕ ಹೆಚ್ಚು ಎಂದೇ ಅರ್ಥ. ನಿಂತಷ್ಟು ಹೊತ್ತೂ ಅದನ್ನು ಮತ್ತೆ ಮತ್ತೆ ಎಣಿಸಬೇಕು. ಎಣಿಸದಿದ್ದರೆ 2×2ರಲ್ಲಿ, ತಾಪಮಾನ 2ರಲ್ಲಿ, −1.8008 ಬರಬೇಕಾದ ಜಾಗದಲ್ಲಿ −0.325 ಬರುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳಲಿಲ್ಲವೇ ಎನ್ನುತ್ತೀರಿ. ಬೀಳಲಿಲ್ಲ. ನಾನು ನೇರವಾಗಿ ದೊಡ್ಡ ಜಾಲದಲ್ಲಿ ನಕ್ಷೆ ಬರೆದಿದ್ದೆ, ರೇಖೆ ನಯವಾಗಿ ಬಾಗಿತ್ತು, ಎಲ್ಲಿ ಎಷ್ಟು ಬರಬೇಕೆಂದು ನನಗೆ ಗೊತ್ತಿರಲಿಲ್ಲ. ಹಲವು ದಿನಗಳ ನಂತರ ಹಾಳೆಯ ಮೇಲೆ ಹದಿನಾರು ಸ್ಥಿತಿ ಬರೆದಾಗಲೇ ಅದು ಬಯಲಾದದ್ದು.

ಇನ್ನೊಂದು ಸಾಮಾನ್ಯ ತಪ್ಪು, ಒಟ್ಟು ಶಕ್ತಿಯನ್ನು ಲೆಕ್ಕ ಹಾಕುವಾಗ ಪ್ರತಿ ಮನೆಯ ನಾಲ್ಕೂ ನೆರೆಗಳನ್ನು ಕೂಡಿಸಿ ಅರ್ಧ ಮಾಡಲು ಮರೆಯುವುದು. ಆಗ ಉತ್ತರ ಸರಿಯಾಗಿ ಎರಡು ಪಟ್ಟು ಬರುತ್ತದೆ.

ಹೆಜ್ಜೆ 4: ಆರಂಭದ ಸುತ್ತುಗಳನ್ನು ಎಸೆಯಿರಿ

ಈಗ 16ಕ್ಕೆ ಮರಳಿ. ಒಂದೇ ತಾಪಮಾನದಲ್ಲಿ ಎರಡು ಓಟ ನಡೆಸಿ. ಒಂದರಲ್ಲಿ ಆರಂಭದಲ್ಲಿ ಎಲ್ಲವೂ +1 ಇರಲಿ, ಇನ್ನೊಂದರಲ್ಲಿ ಸ್ಪಿನ್‌ಗಳು ಅಡ್ಡಾದಿಡ್ಡಿಯಾಗಿರಲಿ. ಸುತ್ತಿನಿಂದ ಸುತ್ತಿಗೆ ಶಕ್ತಿಯ ರೇಖೆ ಎಳೆದರೆ ಒಂದು ಕೆಳಗಿನಿಂದ ಏರುತ್ತದೆ, ಇನ್ನೊಂದು ಮೇಲಿನಿಂದ ಇಳಿಯುತ್ತದೆ. ಎರಡೂ ಬೆರೆತು ಬೇರ್ಪಡಿಸಲಾಗದಂತಾದ ಮೇಲೆ ಅಳತೆ ಶುರುಮಾಡಿ. ಅದಕ್ಕೂ ಮುಂಚಿನದೆಲ್ಲ ಕಸದ ಬುಟ್ಟಿಗೆ.

ತೀರ ಕಡಿಮೆ ತಾಪಮಾನದಲ್ಲಿ ಅಡ್ಡಾದಿಡ್ಡಿಯಿಂದ ಹೊರಟರೆ ಕೆಲವೊಮ್ಮೆ ಎರಡು ರೇಖೆಗಳು ಸೇರುವುದೇ ಇಲ್ಲ. ಜಾಲವನ್ನು ಚಿತ್ರವಾಗಿ ನೋಡಿ: ಅರ್ಧ ಕಪ್ಪು, ಅರ್ಧ ಬಿಳುಪು, ನಡುವೆ ನೇರವಾದ ಗಡಿ. ಸೊನ್ನೆ ತಾಪಮಾನಕ್ಕೆ ಒಮ್ಮೆಲೇ ಇಳಿಸಿದರೆ ದೊಡ್ಡ ಜಾಲಗಳು ಸುಮಾರು ಮೂರರಲ್ಲೊಂದು ಸಲ ಇಂಥ ಪಟ್ಟೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ನೇರ ಗಡಿಯ ಮೇಲಿನ ಯಾವ ಸ್ಪಿನ್ ಮಗುಚಿದರೂ ಶಕ್ತಿ ಏರುತ್ತದೆ, ಹಾಗಾಗಿ ಗಡಿ ಕದಲುವುದಿಲ್ಲ. ಇದು ನಿಮ್ಮ ಪ್ರೋಗ್ರಾಂನ ತಪ್ಪಲ್ಲ. ಲೋಹವನ್ನು ಒಮ್ಮೆಲೇ ತಣಿಸುವ ಬದಲು ನಿಧಾನವಾಗಿ ತಣಿಸಿದರೆ ಒಳರಚನೆ ಬೇರೆಯಾಗುವುದೇಕೆ ಎಂಬ ವಸ್ತುವಿಜ್ಞಾನದ ಪ್ರಶ್ನೆಯ ಎಳೆಯೊಂದು ಈ ಪಟ್ಟೆಯಲ್ಲಿ ಕಾಣುತ್ತದೆ. ಒಂದಷ್ಟು ಹೊತ್ತು ನೋಡುತ್ತಾ ಕೂರಿ. ಆಮೇಲೆ ಎಲ್ಲವೂ +1 ಇರುವ ಜಾಲದಿಂದ ಹೊರಟು, ತಾಪಮಾನವನ್ನು ಹಂತಹಂತವಾಗಿ ಏರಿಸಿ.

ಹೆಜ್ಜೆ 5: ಅಳೆಯಿರಿ

ತಾಪಮಾನ 1.5ರಿಂದ 3.5ರವರೆಗೆ 0.1ರ ಅಂತರ ಸಾಕು, 2.1ರಿಂದ 2.5ರ ನಡುವೆ ಮಾತ್ರ 0.02ರ ಅಂತರ ಇಟ್ಟುಕೊಳ್ಳಿ. ಪ್ರತಿ ಸುತ್ತಿನ ಶಕ್ತಿಯನ್ನೂ ಕಾಂತತ್ವವನ್ನೂ ಕಡತದಲ್ಲಿ ಬರೆದಿಡಿ. ಸರಾಸರಿಯನ್ನಷ್ಟೇ ಬರೆದಿಟ್ಟರೆ ಮುಂದಿನ ಹೆಜ್ಜೆಗೆ ದಾರಿ ಇರುವುದಿಲ್ಲ. ಕಾಂತತ್ವದ ಚಿಹ್ನೆಯನ್ನು ಬಿಟ್ಟು ಸರಾಸರಿ ತೆಗೆಯಿರಿ. ಚಿಕ್ಕ ಜಾಲ ಪರಿವರ್ತನೆಯ ಹತ್ತಿರ ಆಗಾಗ +ನಿಂದ −ಗೆ ಪೂರ್ತಿ ಮಗುಚುತ್ತದೆ, ಚಿಹ್ನೆ ಇಟ್ಟುಕೊಂಡರೆ ಸರಾಸರಿ ಸೊನ್ನೆಯ ಕಡೆಗೆ ಜಾರುತ್ತದೆ.

ಶಕ್ತಿಯ ವರ್ಗದ ಸರಾಸರಿಯಿಂದ ಸರಾಸರಿ ಶಕ್ತಿಯ ವರ್ಗವನ್ನು ಕಳೆದು, ತಾಪಮಾನದ ವರ್ಗದಿಂದಲೂ ಮನೆಗಳ ಸಂಖ್ಯೆಯಿಂದಲೂ ಭಾಗಿಸಿದರೆ ಉಷ್ಣಧಾರಕತೆ. ಕಾಂತತ್ವಕ್ಕೆ ಇದನ್ನೇ ಮಾಡಿ, ತಾಪಮಾನದಿಂದ ಒಂದೇ ಸಲ ಭಾಗಿಸಿದರೆ ಹೊರಗಿನ ಕಾಂತಕ್ಷೇತ್ರಕ್ಕೆ ವಸ್ತು ಎಷ್ಟು ಮಣಿಯುತ್ತದೆ ಎಂಬುದರ ಅಳತೆ. ಹೊರಗಿನಿಂದ ಏನನ್ನೂ ಮಾಡದೆ, ಸುಮ್ಮನೆ ನಡುಗುವುದನ್ನು ನೋಡಿಯೇ ವಸ್ತುವಿನ ಗುಣವನ್ನು ಹೇಳಬಹುದು! ಇದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಹೆಜ್ಜೆ 6: ಅಳತೆಗೆ ದೋಷದ ಅಂದಾಜು ಕೊಡಿ

ಹೆಚ್ಚಿನವರು ಜಾರುವುದು ಇಲ್ಲಿ. ಒಂದು ಲಕ್ಷ ಸುತ್ತು ಓಡಿಸಿದ್ದೇನೆ, ಆದ್ದರಿಂದ ಒಂದು ಲಕ್ಷ ಅಳತೆಗಳಿವೆ ಎಂದುಕೊಂಡು, ಚದುರುವಿಕೆಯನ್ನು ಒಂದು ಲಕ್ಷದ ವರ್ಗಮೂಲದಿಂದ ಭಾಗಿಸುತ್ತಾರೆ. ಆದರೆ ಈ ಸುತ್ತಿನ ಜಾಲ ಹಿಂದಿನ ಸುತ್ತಿನ ಜಾಲವನ್ನೇ ತುಸು ತಿದ್ದಿದ್ದು. ಒಬ್ಬನನ್ನೇ ನೂರು ಸಲ ಕೇಳಿ ನೂರು ಜನರ ಅಭಿಪ್ರಾಯ ಎಂದಂತಾಯಿತು. ಹಿಂದಿನದರ ನೆನಪು 50 ಸುತ್ತುಗಳವರೆಗೆ ಉಳಿಯುತ್ತದೆ ಎಂದುಕೊಳ್ಳಿ. ಆಗ ನಿಜವಾದ ದೋಷ ನೀವು ಬರೆದದ್ದಕ್ಕಿಂತ 2×50ರ ವರ್ಗಮೂಲದಷ್ಟು, ಅಂದರೆ ಹತ್ತು ಪಟ್ಟು ದೊಡ್ಡದು.

ಸರಿಯಾದ ದಾರಿ ಸರಳ. ದಾಖಲೆಯನ್ನು ಅಕ್ಕಪಕ್ಕದ ಎರಡೆರಡರ ಜೋಡಿ ಮಾಡಿ ಪ್ರತಿ ಜೋಡಿಯ ಸರಾಸರಿ ತೆಗೆಯಿರಿ, ದೋಷವನ್ನು ಮತ್ತೆ ಲೆಕ್ಕ ಹಾಕಿ. ಮತ್ತೆ ಜೋಡಿ, ಮತ್ತೆ ಲೆಕ್ಕ. ದೋಷ ಏರುತ್ತಾ ಹೋಗಿ ಒಂದು ಕಡೆ ಸಮತಟ್ಟಾಗಿ ನಿಲ್ಲುತ್ತದೆ. ಆ ಸಮತಟ್ಟೇ ನಿಜವಾದ ದೋಷ. ನಿಲ್ಲದೆ ಏರುತ್ತಲೇ ಇದ್ದರೆ ನಿಮ್ಮ ಓಟ ಸಾಲದು ಎಂದು ಅರ್ಥ, ಇನ್ನಷ್ಟು ಓಡಿಸಬೇಕು. ಉಷ್ಣಧಾರಕತೆಯಂಥ ಅಳತೆಗೆ ದಾಖಲೆಯನ್ನು ಇಪ್ಪತ್ತು ದೊಡ್ಡ ತುಂಡು ಮಾಡಿ, ಒಂದೊಂದು ಸಲ ಒಂದೊಂದು ತುಂಡನ್ನು ಬಿಟ್ಟು ಲೆಕ್ಕ ಹಾಕುವ ಜಾಕ್‌ನೈಫ್ ವಿಧಾನ ಒಗ್ಗುತ್ತದೆ.

ಪರಿವರ್ತನೆಯ ಹತ್ತಿರ ಈ ನೆನಪು ಭೀಕರವಾಗಿ ಉದ್ದವಾಗುತ್ತದೆ, ಜಾಲದ ಅಳತೆಯ ಸುಮಾರು 2.17ನೆಯ ಘಾತದಂತೆ. 16ರಿಂದ 32ಕ್ಕೆ ಹೋದರೆ ನಾಲ್ಕೂವರೆ ಪಟ್ಟು. ಮನೆಗಳೂ ನಾಲ್ಕು ಪಟ್ಟು. ಒಟ್ಟು ಕೆಲಸ ಹದಿನೆಂಟು ಪಟ್ಟು. ಬರಿಯ ಪೈಥಾನ್ ಇಲ್ಲಿ ಏದುಸಿರು ಬಿಡುತ್ತದೆ. ಒಳಸುತ್ತನ್ನು ನಂಬಾ ಗ್ರಂಥಾಲಯದಿಂದ ವೇಗಗೊಳಿಸಿ, ಇಲ್ಲವೇ ಸಿ ಭಾಷೆಯಲ್ಲಿ ಬರೆಯಿರಿ. ಯಾದೃಚ್ಛಿಕ ಸಂಖ್ಯೆಗೆ ಪೈಥಾನಿನ ನಮ್‌ಪೈ ಗ್ರಂಥಾಲಯ ಕೊಡುವ ಇಂದಿನ ಉತ್ಪಾದಕಗಳನ್ನೇ ಬಳಸಿ, ಸ್ವಂತದ್ದನ್ನು ಕಟ್ಟಬೇಡಿ. ಒಳ್ಳೆಯವೆಂದು ಹೆಸರಾಗಿದ್ದ ಉತ್ಪಾದಕಗಳೂ ಇದೇ ಈಸಿಂಗ್ ಮಾದರಿಯಲ್ಲಿ ತಪ್ಪು ಉತ್ತರ ಕೊಡಬಲ್ಲವು ಎಂದು 1992ರಲ್ಲಿ ಫೆರೆನ್‌ಬರ್ಗ್, ಲ್ಯಾಂಡೌ ಮತ್ತು ವಾಂಗ್ ತೋರಿಸಿದ್ದಾರೆ.

ಹೆಜ್ಜೆ 7: ಅನಂತ ಜಾಲದತ್ತ

ಆನ್ಸಾಗರ್ ಉತ್ತರ ಅನಂತ ದೊಡ್ಡ ಜಾಲದ್ದು. 32ರ ಜಾಲದಲ್ಲಿ, ತಾಪಮಾನ 2ರಲ್ಲಿ, ಮನೆಯೊಂದರ ಶಕ್ತಿ −1.7456 ಮತ್ತು ಕಾಂತತ್ವ 0.9113 ದೋಷದ ಮಿತಿಯೊಳಗೆ ಸಿಗಬೇಕು. ಈ ಕಾಂತತ್ವವನ್ನು ಕೊಡುವ ಸೂತ್ರದ ಸಾಧನೆಯನ್ನು 1952ರಲ್ಲಿ ಪ್ರಕಟಿಸಿದವರು ಚೆನ್ ನಿಂಗ್ ಯಾಂಗ್. 2.269ರಲ್ಲಿ ಅನಂತ ಜಾಲದ ಶಕ್ತಿ 2ರ ವರ್ಗಮೂಲದಷ್ಟು ಋಣ, ಅಂದರೆ −1.4142. ನಿಮ್ಮದು ಅದಕ್ಕಿಂತ ತುಸು ಕೆಳಗೆ ಬರುತ್ತದೆ. ಜಾಲ ಎರಡು ಪಟ್ಟಾದಂತೆ ಆ ಅಂತರ ಸುಮಾರು ಅರ್ಧವಾಗಬೇಕು. ಆಗದಿದ್ದರೆ ಹೆಜ್ಜೆ 6ಕ್ಕೆ ಹಿಂತಿರುಗಿ.

16, 32, 64ರ ಜಾಲಗಳಲ್ಲಿ ಕಾಂತಕ್ಷೇತ್ರಕ್ಕೆ ಮಣಿಯುವ ಅಳತೆಯ ನಕ್ಷೆಗಳನ್ನು ಒಂದರ ಮೇಲೊಂದು ಇಡಿ. ಶಿಖರ 2.269ರ ಬಲಕ್ಕೆ ಇರುತ್ತದೆ, ಜಾಲ ದೊಡ್ಡದಾದಂತೆ ಎಡಕ್ಕೆ ಸರಿಯುತ್ತಾ ಎತ್ತರವಾಗುತ್ತದೆ. ಜಾಲ ಎರಡು ಪಟ್ಟಾದರೆ ಎತ್ತರ ಸುಮಾರು 3.36 ಪಟ್ಟು. ಅದು ಎರಡರ 7/4ನೆಯ ಘಾತ.

ಶಿಖರದ ಜಾಗವನ್ನು ಕಣ್ಣಳತೆಯಲ್ಲಿ ಹಿಡಿಯುವುದಕ್ಕಿಂತ ಚೆಂದದ ಉಪಾಯವನ್ನು 1981ರಲ್ಲಿ ಕುರ್ಟ್ ಬಿಂಡರ್ ಕೊಟ್ಟರು. ಕಾಂತತ್ವದ ನಾಲ್ಕನೆಯ ಘಾತದ ಸರಾಸರಿಯನ್ನು, ವರ್ಗದ ಸರಾಸರಿಯ ವರ್ಗದ ಮೂರು ಪಟ್ಟಿನಿಂದ ಭಾಗಿಸಿ, 1ರಿಂದ ಕಳೆಯಿರಿ. ತಾಪಮಾನಕ್ಕೆ ಎದುರಾಗಿ ಈ ಬೆಲೆಯ ರೇಖೆ ಎಳೆದರೆ ಬೇರೆಬೇರೆ ಅಳತೆಯ ಜಾಲಗಳ ರೇಖೆಗಳು ಹೆಚ್ಚುಕಡಿಮೆ ಒಂದೇ ಬಿಂದುವಿನಲ್ಲಿ ಹಾಯುತ್ತವೆ. ಆ ಬಿಂದು 2.269ರಲ್ಲಿ ಇರಬೇಕು, ಎತ್ತರ 0.61ರ ಆಸುಪಾಸು. ಮೂರು ರೇಖೆಗಳು ಅಲ್ಲಿ ಕೂಡುವುದನ್ನು ನಿಮ್ಮದೇ ಪರದೆಯ ಮೇಲೆ ಮೊದಲ ಸಲ ನೋಡಿದಾಗ, 1944ರ ಆ ಲೆಕ್ಕಕ್ಕೆ ನಿಮ್ಮ ಕೈ ತಾಗಿದಂತೆ ಅನಿಸುತ್ತದೆ.

ಇಲ್ಲಿಂದ ಮುಂದೆ

ಎರಡು ದಾರಿಗಳಿವೆ. ಒಂದು, ಬಿಡಿ ಸ್ಪಿನ್ ಬದಲು ಒಂದೇ ಚಿಹ್ನೆಯ ಗುಂಪನ್ನೇ ಮಗುಚುವ ವುಲ್ಫ್ ವಿಧಾನ. 1989ರದ್ದು, ಪರಿವರ್ತನೆಯ ಹತ್ತಿರದ ಆ ಉದ್ದ ನೆನಪನ್ನು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಇನ್ನೊಂದು, ಮೂರು ಆಯಾಮ. ನೆರೆಮನೆ ಆರು, ಪರಿವರ್ತನೆ 4.5115ರ ಹತ್ತಿರ. ಇದಕ್ಕೆ ನಿಖರವಾದ ಪರಿಹಾರವನ್ನು ಇಂದಿನವರೆಗೆ ಯಾರೂ ಕಂಡುಕೊಂಡಿಲ್ಲ, ಆ ಸಂಖ್ಯೆಯೂ ಇಂಥ ಲೆಕ್ಕಗಳಿಂದಲೇ ಬಂದದ್ದು. ತಾಮ್ರ ಮತ್ತು ಸತು ಸಮವಾಗಿ ಬೆರೆತ ಬೀಟಾ ಹಿತ್ತಾಳೆಯಲ್ಲಿ ಪರಮಾಣುಗಳು ಕ್ರಮ ತಪ್ಪುವ ಪರಿಯನ್ನೂ ಇದೇ ಮಾದರಿ ಹಿಡಿಯುತ್ತದೆ.

ಮೂರು ಆಯಾಮಕ್ಕೆ ಹೋಗುವವರು ಮೊದಲು 2×2×2ರ ಜಾಲ ಕಟ್ಟಿ. ಎಂಟು ಸ್ಪಿನ್, 256 ಸ್ಥಿತಿ. ಹಾಳೆಯ ಮೇಲೆ ಬೇಸರವಾದೀತು, ಎಣಿಸಲು ಬೇರೆಯದೇ ಒಂದು ಪುಟ್ಟ ಪ್ರೋಗ್ರಾಂ ಬರೆಯಿರಿ. ಮಗುಚುವ ಪ್ರೋಗ್ರಾಂನಿಂದ ಒಂದು ಸಾಲನ್ನೂ ಅದಕ್ಕೆ ನಕಲು ಮಾಡಬೇಡಿ, ಮಾಡಿದರೆ ತಪ್ಪೂ ಜೊತೆಗೇ ನಕಲಾಗಿ ಎರಡೂ ಒಂದೇ ಉತ್ತರ ಕೊಟ್ಟಾವು.